ಬಚ್ಚಲೊಲೆಯಲ್ಲಿ ಬೆಂದ ಕಲ್ಲು

ನಾನು ಶಾಲೆ ಬಿಟ್ಟದ್ದು ೧೯೯೭ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ಕೋಟೇಶ್ವರದಲ್ಲಿ ಒಂದು ಹೊಸ ಮನೆಗೆ ಟೈಲ್ಸ್ ಹಾಕುತ್ತಿದ್ದರು, ಸಿಮೆಂಟು ಕಲಸಿ ಕೊಡಲು ಜನ ಬೇಕಿತ್ತು. ಹೋದೆ. ಮತ್ತೆ ಪುಸ್ತಕದ ಚೀಲ ಎಲ್ಲಿ ಹೋಯಿತೆಂದು ನಾನೂ ಕೇಳಲಿಲ್ಲ, ಮನೆಯವರೂ ಹೇಳಲಿಲ್ಲ. ಈಗ ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೈವೇಯ ಆಚೆ ಈಚೆ ನಾನು ಮಾಡಿದ ಬಚ್ಚಲುಮನೆಗಳಿವೆ. ಒಂದರಲ್ಲೂ ನೀರು ಹಿಂದಕ್ಕೆ ಬಂದ ದೂರು ಇಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಮೊನ್ನೆ ಕುಂದಾಪುರದಲ್ಲಿ ಒಂದು ಹಳೇ ಬಚ್ಚಲುಮನೆ ಕೀಳುವ ಕೆಲಸವಿತ್ತು. ಕಮೋಡಿಗೆ ಸುತ್ತಿಗೆಯಲ್ಲಿ ಒಂದು ಹಾಕಿದಾಗ ಚೂರೊಂದು ಹಾರಿ ನನ್ನ ಕಾಲಬುಡಕ್ಕೆ ಬಿತ್ತು. ಹೆಕ್ಕಿ ಕಿಟಕಿಯ ಬೆಳಕಿಗೆ ಹಿಡಿದೆ. ಒಡೆದ ಜಾಗದಲ್ಲಿ ಸಣ್ಣ ಸಣ್ಣ ಅಲೆ, ಕಡಲಬದಿಯ ಚಿಪ್ಪಿಯ ಬೆನ್ನಿನ ಹಾಗೆ, ಒಂದರ ಹಿಂದೆ ಒಂದು... ಅಂಚು ಕೂದಲು ಬೋಳಿಸುವಷ್ಟು ಹರಿತ.

"ಎಂತ ಕಾಂತ್ರಿ ಅಣ್ಣ? ಬಿಸಾಡಿ, ಹೊಲ್ಸ್ ಅದ್," ಅಂದ ಜೊತೆಗೆ ಕೆಲಸ ಮಾಡುವವ.

ಬಿಸಾಡಿದೆ. ಆದರೆ ಆ ದಿನವಿಡೀ ಮನಸ್ಸು ಪೂನಾ ಅತ್ತೆಯ ಗೇರುಮರದ ಬುಡದಲ್ಲೇ ಇತ್ತು.

ಅವರು ನನಗೆ ನಿಜವಾದ ಅತ್ತೆಯಲ್ಲ. ನಮ್ಮ ಮನೆಯ ಹಿಂದೆ ಸಣ್ಣ ನೀರಿನ ತೋಡು ದಾಟಿದರೆ ಅವರ ಮನೆ, ಅಷ್ಟೇ ಸಂಬಂಧ. ಮದುವೆಯಾಗಿ ಪೂನಾಕ್ಕೆ ಹೋದವರು. ಹಳೇ ಕಾಲದ ಮನುಷ್ಯರು ಹೇಗೆ ಬದುಕುತ್ತಿದ್ದರು ಅಂತ ನೆಲ ಅಗೆದು ಕಲಿಯುವ ಒಂದು ಕಾಲೇಜು ಅಲ್ಲಿ ಇತ್ತಂತೆ. ಅದರ ಕ್ಯಾಂಟೀನನ್ನು ಗಂಡ ಹೆಂಡತಿ ನಡೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತವರಿನವರು ಕೊಟ್ಟ ಎರಡು ಕೋಣೆಯ ಹಂಚಿನ ಮನೆಗೆ ಒಬ್ಬರೇ ಬಂದರು. ಒಂದು ಕಬ್ಬಿಣದ ಪೆಟ್ಟಿಗೆ, ಗ್ಯಾಸ್ ಒಲೆ, ಮತ್ತೆ ಎತ್ತಲಾಗದಷ್ಟು ಭಾರದ ಗೋಣಿಗಳು. ಟೆಂಪೋದಿಂದ ಇಳಿಸಿಕೊಟ್ಟವನು ನಾನೇ.

"ಅಕ್ಕಿಯಾ ಅತ್ತೆ?" ಅಂತ ಕೇಳಿದೆ.

"ಕಲ್ಲ್," ಅಂದರು.

ತಮಾಷೆ ಮಾಡುತ್ತಾರೆ ಅಂದುಕೊಂಡೆ. ಗೋಣಿಯ ಬಾಯಿ ಬಿಚ್ಚಿದರೆ ನಿಜಕ್ಕೂ ಕಲ್ಲು. ನಮ್ಮೂರಿನ ಮುರಕಲ್ಲಲ್ಲ, ಕಗ್ಗಲ್ಲೂ ಅಲ್ಲ. ಜೇನಿನ ಬಣ್ಣದ್ದು, ಬೂದಿ ಬಣ್ಣದ್ದು, ಒದ್ದೆ ಮಾಡಿದರೆ ಬೆಲ್ಲದ ಅಚ್ಚಿನ ಹಾಗೆ ಕಾಣುವಂಥದ್ದು. ಆ ಕಡೆಯ ಹೊಳೆಗಳಲ್ಲಿ ಸಿಗುತ್ತದಂತೆ.

ಮಧ್ಯಾಹ್ನ ಊಟ ಆದ ಮೇಲೆ ಅವರು ಗೇರುಮರದ ಬುಡದಲ್ಲಿ ಟರ್ಪಾಲು ಹಾಸಿ ಕೂರುತ್ತಿದ್ದರು. ತೊಡೆಯ ಮೇಲೆ ಯಾವುದೋ ಹಳೇ ಮದ್ದಳೆಯಿಂದ ಬಿಚ್ಚಿದ ಚರ್ಮ, ಬಾಯಲ್ಲಿ ಎಲೆಯಡಿಕೆಯ ಕವಳ, ಕಣ್ಣಿಗೆ ದಪ್ಪ ಕನ್ನಡಕ. ತೋಡಿನ ಈಚೆಗೆ ನಮ್ಮ ಮನೆಗೆ ಟಕ್, ಟಕ್ ಕೇಳುತ್ತಿತ್ತು. ಗಂಡ ಹೋದ ಮೇಲೆ ತಲೆ ಸಮ ಇಲ್ಲೆ ಅಂಬ್ರ್, ಅಂತ ಊರಲ್ಲಿ ಮಾತಾಯಿತು. ನನಗೆ ಆ ಸದ್ದು ಬೇರೆಯೇ ಕೇಳಿಸಿತು. ಟೈಲ್ಸಿನವನಿಗೆ ಕಿವಿ ಮುಖ್ಯ; ಅಡಿಯಲ್ಲಿ ಪೊಳ್ಳಿದ್ದರೆ ಬೆರಳಲ್ಲಿ ತಟ್ಟಿದರೆ ಗೊತ್ತಾಗಬೇಕು. ಇದು ಜಲ್ಲಿ ಒಡೆಯುವವರ ಸದ್ದಲ್ಲ. ಏನೋ ಲೆಕ್ಕ ಇರುವ ಸದ್ದು. ಒಂದು ಭಾನುವಾರ ತೋಡು ದಾಟಿದೆ.

"ಎಂತ ಮಾಡ್ತ್ರಿ ಅತ್ತೆ?"

"ಕಣ್ಣ್ ಕಾಂತಿಲ್ಯಾ? ಚೂರಿ ಮಾಡ್ತೆ."

"ಚೂರಿ ಪ್ಯಾಟಿಯಗೆ ಸಿಕ್ಕತ್ತಲೆ?"

"ಪ್ಯಾಟಿಯಗೆ ಸಿಕ್ಕೂದ್ ಕಬ್ಬಿಣದ್ದ್. ಇದ್ ಅದ್ಕಿಂತ ಮುಂಚಿನದ್ದ್." ಚರ್ಮದ ಮೇಲೆ ಬಿದ್ದಿದ್ದ ಒಂದು ತೆಳ್ಳನೆ ಚೂರನ್ನು ಎತ್ತಿ, ಪಕ್ಕದಲ್ಲಿದ್ದ ಮಾವಿನ ಮಿಡಿಯನ್ನು ಕೊಯ್ದು ತೋರಿಸಿದರು. ಕಾಗದದಷ್ಟು ತೆಳುವಾದ ಹೋಳಿನ ಆಚೆ ಅವರ ಹೆಬ್ಬೆರಳು ಕಾಣುತ್ತಿತ್ತು. "ನಂಗ್ ಕಲ್ಸಿದ್ ಪರದೇಶದಿಂದ ಬಂದ ಒಬ್ಬ ಬಿಳಿ ಹುಡ್ಗ. ಅವ್ನಿಗೆ ಹಾಸ್ಟೆಲಿನ ಊಟ ಸೇರ್ತಿರ್ಲಿಲ್ಲ, ನಾನ್ ಕೊಟ್ಟೆ ಕಡುಬ್ ಕೊಟ್ಟೆ, ಅವ ಇದ್ ಕೊಟ್ಟ. ವರ್ಷ ಕಳಿಯೂದ್ರೊಳ್ಗ್ ಅವ್ನಕಿಂತ ಚೆಂದ ಮಾಡ್ತಿದ್ದೆ. ಸುಳ್ಳಲ್ಲ."

ಅತ್ತೆಗೆ ಸಣ್ಣ ಬಾಯಿ ಇರಲಿಲ್ಲ. ತಾನು ಮಾಡಿದ್ದು ಚೆಂದ ಇದ್ದರೆ ಚೆಂದ ಅಂತಲೇ ಹೇಳುತ್ತಿದ್ದರು. ನಾನೂ ಹಾಗೆಯೇ, ಅದಕ್ಕೇ ನಮಗೆ ಸರಿ ಹೋಯಿತು ಕಾಣುತ್ತದೆ. ಇದೇನು ಮಹಾ, ದಿನಾ ಸುತ್ತಿಗೆ ಹಿಡಿಯುವವ ನಾನು, ಅಂದೆ. ಅವರು ಎದ್ದು ತೋಟದ ಬದಿಯಿಂದ ಒಂದು ಬಿಳೀ ಬೆಣಚುಕಲ್ಲು ತಂದು ಕೈಯಲ್ಲಿಟ್ಟರು. ಹೊಡೆದೆ. ನಟ್ಟನಡುವೆ, ಭುಜದ ಬಲವೆಲ್ಲ ಹಾಕಿ. ಕಲ್ಲಿಗೆ ಏನೂ ಆಗಲಿಲ್ಲ, ನನ್ನ ಕೈ ಮೊಣಕೈವರೆಗೆ ಜುಮ್ಮೆಂದಿತು. ಅತ್ತೆ ಕವಳ ಉಗಿದು ಬಂದು ನಕ್ಕರು.

"ನೀನ್ ತೆಂಗಿನಕಾಯಿ ಒಡೂಕೆ ಬಂದದ್ದಾ?"

ಆಮೇಲೆ ಎಷ್ಟೋ ದಿನ ಹೊಡೆಯಲು ಬಿಡಲೇ ಇಲ್ಲ, ಅಂಚು ನೋಡಿಸಿದರು. ಕಲ್ಲನ್ನು ತಿರುಗಿಸಿ ತಿರುಗಿಸಿ, ಎಲ್ಲಿ ಅಂಚು ಹಂಚಿನ ಮಾಡಿನ ಇಳಿಜಾರಿನ ಹಾಗೆ ಒಳಕ್ಕೆ ಸರಿಯುತ್ತದೋ ಅಲ್ಲಿ ಮಾತ್ರ ಪೆಟ್ಟು. ಗೋಡೆಯ ಹಾಗೆ ನೆಟ್ಟಗಿದ್ದರೆ ಹೊಡೆಯಬಾರದು. ಹೊಡೆಯುವುದು ಮೇಲಿನಿಂದ, ಚೂರು ಏಳುವುದು ಅಡಿಯಿಂದ. ಪೆಟ್ಟು ಒಳಗೆ ಹೋಗುವ ದಾರಿ ಮೊದಲು ತಲೆಯಲ್ಲಿ ಕಾಣಬೇಕು. ಹೊಡೆಯುವ ಮುಂಚೆ ಅಂಚನ್ನು ಒರಟು ಕಲ್ಲಿನಿಂದ ಉಜ್ಜಬೇಕು, ಇಲ್ಲದಿದ್ದರೆ ಅದು ಪುಡಿಯಾಗಿ ಪೆಟ್ಟಿನ ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ. ಕೈಗೆ ಬೇಕಾದ್ದು ಸುತ್ತಿಗೆಯಲ್ಲ, ಮರವಂತೆ ಕಡೆಯ ಹೊಳೆಯಲ್ಲಿ ಹೆಕ್ಕಿದ ಒಂದು ಗುಂಡಗಿನ ಉರುಟು ಕಲ್ಲು. ಕಣ್ಣಿಗೆ ಕನ್ನಡಕ ಇಲ್ಲದೆ ಕೂತರೆ ಬೈಗುಳ. ಒಂದು ಚೂರು ಟರ್ಪಾಲಿನಿಂದ ಹೊರಗೆ ಬಿದ್ದರೆ ಇನ್ನೂ ದೊಡ್ಡ ಬೈಗುಳ, ಯಾಕೆಂದರೆ ನಮ್ಮಲ್ಲಿ ಅಂಗಳದಲ್ಲಿ ಯಾರೂ ಚಪ್ಪಲಿ ಹಾಕುವುದಿಲ್ಲ.

ಪೂನಾದ ಕಲ್ಲನ್ನು ಮಾತ್ರ ಮುಟ್ಟಲು ಬಿಡಲಿಲ್ಲ. "ಅದ್ ಖರ್ಚಾರೆ ಮತ್ತ್ ಎಲ್ಲಿಂದ ತರೂದ್? ಕಲಿಯೂಕೆ ಬೇರೆ ಇತ್ತ್. ನೀನ್ ಕಮೋಡ್ ಕೂರ್ಸೂನಲ್ದಾ? ಒಡ್ದದ್ ಇದ್ರೆ ತಕಂಬಾ, ಬಾಟ್ಲಿ ಬುಡವೂ ಆತ್ತ್. ಕಾಲೇಜಿನ ಮಕ್ಕಳೂ ಅದ್ರಲ್ಲೇ ಕಲ್ತದ್."

ನಂಬಲಾಗಲಿಲ್ಲ. ಆದರೆ ತಂದು ಒಡೆದು ನೋಡಿದರೆ ಹೌದು, ಕಲ್ಲಿನ ಹಾಗೆಯೇ ಬಿರಿಯುತ್ತದೆ, ಅದೇ ಅಲೆ, ಅದೇ ಹರಿತ. ಆ ವರ್ಷಗಳಲ್ಲಿ ಊರಲ್ಲಿ ಮನೆಗಳು ಏಳುತ್ತಲೇ ಇದ್ದವು, ಗಾಡಿಯಲ್ಲಿ ಬರುವಾಗ ಒಡೆದ ಕಮೋಡುಗಳಿಗೆ ಬರವಿರಲಿಲ್ಲ. ನಾನು ಮೊದಲ ಸಲ ಬೈಕಿಗೆ ಕಟ್ಟಿ ತಂದ ದಿನ ನಮ್ಮಮ್ಮ ಹಿಡಿಸೂಡಿ ಹಿಡಿದುಕೊಂಡೇ ಹೊರಗೆ ಬಂದರು.

"ಅದ್ ಅಂಗಳದ ಒಳ್ಗ್ ಬಂದ್ರೆ ನಾನ್ ಮನಿ ಬಿಟ್ಟ್ ಹೋತೆ ಕಾಣ್!"

ತೋಡಿನ ಆಚೆಯಿಂದ ಅತ್ತೆ ಕೂಗಿದರು: "ಹೊಸ್ತ್ ಮಾರಾಯ್ತಿ! ಗಾಡಿಯಗೆ ಬಪ್ಪತಿಗೆ ಒಡ್ದದ್. ಅದ್ರ್ ಮೇಲೆ ಯಾರೂ ಕೂಕಣ್ಲಿಲ್ಲ!"

ಚಾ ಅಂಗಡಿಯಲ್ಲಿ ಅದೇ ಸುದ್ದಿ. "ಹ್ವಾಯ್, ಇವತ್ತ್ ಯಾರ್ ಮನಿ ಕಮೋಡ್ ಕೆತ್ತೂದ್?" ಅಂತ ಕೇಳುತ್ತಿದ್ದರು. ನಾನು "ನಿಮ್ಮನಿದೇ, ಕೂಕಂಡಿದ್ರೆ ಏಳಿ" ಅನ್ನುತ್ತಿದ್ದೆ. ಹೀಗೆ ನಗುನಗುತ್ತಲೇ ಒಂದು ಮಳೆಗಾಲ ಕಳೆಯಿತು, ಕೈಯಲ್ಲಿ ಸಣ್ಣ ಸಣ್ಣ ಗಾಯ, ಮೇಲೆ ಅರಸಿನ. ಮುಂದಿನ ಬೇಸಿಗೆಗೆ ನಾನು ಎಬ್ಬಿಸಿದ ಚೂರು ನೆಟ್ಟಗೆ, ಉದ್ದಕ್ಕೆ ಬರಲು ಶುರುವಾಯಿತು. ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಸರಿಯಾದ ಪೆಟ್ಟಿಗೆ ಕಲ್ಲು ಚಿಟಕೆ ಹೊಡೆದ ಹಾಗೆ ಮಾತಾಡುತ್ತದೆ.

ಆಗಲೇ ಅತ್ತೆ ನನಗೆ ಕೆಂಪು ಕಲ್ಲು ತೋರಿಸಿದ್ದು. ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ, ಗಂಡನ ಹಳೇ ಬನಿಯನ್ನಿನಲ್ಲಿ ಸುತ್ತಿಟ್ಟಿದ್ದರು. ಸಣ್ಣ ಮಗುವಿನ ತಲೆಯಷ್ಟು, ಒಂದು ಬದಿ ಉದ್ದ. ಅವರ ಗಂಡ ಯಾವುದೋ ಹೊಳೆಯಲ್ಲಿ ಕಂಡು, ಬಸ್ಸಿನಲ್ಲಿ ಇಡೀ ದಾರಿ ತೊಡೆಯ ಮೇಲಿಟ್ಟುಕೊಂಡು ತಂದದ್ದಂತೆ. ಕಲ್ಲು ಒಡೆಯುವುದರಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ, ಹೆಂಡತಿಗೆ ಇತ್ತು ಅಂತ ತಂದರು.

"ನನ್ ಗೇಣುದ್ದ ಒಂದ್ ಚೂರಿ ಮಾಡ್, ಕಾಂಬ, ಅಂದ್ರ್," ಅತ್ತೆ ಹೇಳಿದರು. "ಇವತ್ ಮಾಡ್ತೆ ನಾಳಿಗ್ ಮಾಡ್ತೆ ಅಂದೆ. ಕೈ ಬರ್ಲಿಲ್ಲ. ಒಂದ್ ಪೆಟ್ಟ್ ತಪ್ರೆ ಅವ್ರ್ ಹೊತ್ಕ ಬಂದದ್ ಹೋಯ್ತಲ್ಲ... ಮತ್ತೆ ಅವ್ರೇ ಹೋರ್."

ಬನಿಯನ್ನಿನಲ್ಲಿ ಮತ್ತೆ ಸುತ್ತಿ ಒಳಗಿಟ್ಟರು. ಮಾಡುತ್ತಾರೆ, ಟೈಮು ಇದೆ ಅಂತ ನನಗೂ ಅನಿಸಿತ್ತು.

ಚಿಕುನ್‌ಗುನ್ಯ ಬಂತು. ಆ ವರ್ಷ ನಮ್ಮ ಕಡೆ ಅದು ಮಲಗಿಸದ ಮನೆಯಿಲ್ಲ. ನಾನು ಒಂದು ವಾರದಲ್ಲಿ ಎದ್ದೆ. ಅತ್ತೆಯ ಜ್ವರ ಹೋಯಿತು, ಗಂಟುನೋವು ಹೋಗಲಿಲ್ಲ. ಬೆರಳು ಮಡಚಲಾಗದು, ಚೊಂಬು ಎತ್ತಲಾಗದು. ಹೊಳೆಕಲ್ಲು ಹಿಡಿಯಲು ನೋಡಿದರು, ಕೈಯಿಂದ ಜಾರಿ ಟರ್ಪಾಲಿನ ಮೇಲೆ ಬಿತ್ತು. ಇನ್ನೊಮ್ಮೆ ಹಿಡಿಯಲಿಲ್ಲ. ಗೇರುಮರದ ಬುಡದಲ್ಲಿ ಸುಮ್ಮನೆ ಕೂತಿರುತ್ತಿದ್ದರು. ತೋಡಿನ ಈಚೆಗೆ ಟಕ್ ಟಕ್ ಕೇಳದಾಗ ನಮ್ಮಮ್ಮನೇ "ಹೋಯಿ ಮಾತಾಡ್ಸ್ಕಂಡ್ ಬಾ" ಅಂತ ನನ್ನನ್ನು ಕಳಿಸಿದರು.

ಅಂದು ಅತ್ತೆ ಬನಿಯನ್ನಿನ ಗಂಟನ್ನು ನನ್ನ ಮುಂದೆ ದೂಡಿದರು.

"ನೀನ್ ಹೊಡಿ."

"ನನ್ನಿಂದ ಆಪ್ದಲ್ಲ ಅತ್ತೆ."

"ಕಮೋಡ್ ಒಡ್ಯೂಕಾತ್ತ್, ಇದ್ ಆತಿಲ್ಯಾ? ನಾನ್ ಕಣ್ಣ್ ಮುಚ್ಚೂಕ್ ಮುಂಚೆ ಒಂದ್ಸಲ ಕಾಂಕ್ ಅದನ್ನ." ಗಂಟು ಬಿಚ್ಚಲು ನನಗೆ ಸನ್ನೆ ಮಾಡಿ, "ಅದ್ಕೂ ಮುಂಚೆ ಬೇಯ್ಸ್ಕ್," ಅಂದರು.

ಆ ಜಾತಿಯ ಕಲ್ಲನ್ನು ಹಸಿಯಾಗಿ ಹೊಡೆದರೆ ಹಟ ಮಾಡುತ್ತದೆ. ಹೊಯಿಗೆಯಲ್ಲಿ, ಅಂದರೆ ಮರಳಲ್ಲಿ, ಹೂತು, ಮೆಲ್ಲ ಮೆಲ್ಲ ಕಾಯಿಸಿ, ಮೆಲ್ಲ ಮೆಲ್ಲ ತಣಿಸಿದರೆ ಬೆಣ್ಣೆಯ ಹಾಗೆ ಕೈಗೆ ಬಗ್ಗುತ್ತದೆ. ಅವಸರದಲ್ಲಿ ಕಾದರೆ ಒಡೆದು ಹೋಗುತ್ತದೆ. ಅತ್ತೆಯ ಮನೆಯಲ್ಲಿ ಸೌದೆ ಒಲೆ ಇರಲಿಲ್ಲ, ಬಕೆಟಿಗೆ ಕರೆಂಟಿನ ಕಾಯಿಲ್ ಇಳಿಸಿ ನೀರು ಬಿಸಿ ಮಾಡುತ್ತಿದ್ದರು. ಹಾಗಾಗಿ ನಮ್ಮ ಬಚ್ಚಲೊಲೆಯೇ ಆಯಿತು. ಮಡಕೆಯಲ್ಲಿ ಹೊಳೆಯ ಹೊಯಿಗೆ ತುಂಬಿ, ನಡುವೆ ಕಲ್ಲಿಟ್ಟು, ಹಂಡೆಯ ಕೆಳಗೆ ಬೂದಿಯಡಿಯಲ್ಲಿ ಹುಗಿದೆ. ಬೆಳಿಗ್ಗೆ ಸಂಜೆ ಯಾವಾಗಿನಷ್ಟೇ ಬೆಂಕಿ ಸಾಕು ಅಂತ ಅಮ್ಮನಿಗೆ ಹೇಳಿ ಬೈಂದೂರಿಗೆ ಕೆಲಸಕ್ಕೆ ಹೋದೆ. ಹಬ್ಬದ ಮುಂಚೆ ಮುಗಿಸಿಕೊಡಬೇಕಾದ ಮನೆ, ರಾತ್ರಿಯೂ ಅಲ್ಲೇ.

ಬಂದದ್ದು ನರಕ ಚತುರ್ದಶಿಯ ಬೆಳಿಗ್ಗೆ, ಮೊದಲ ಬಸ್ಸಿನಲ್ಲಿ. ಹಿಂದಿನ ಸಂಜೆ ಹಂಡೆ ತೊಳೆದು ಬಳ್ಳಿ ಸುತ್ತಿ ನೀರು ತುಂಬಿಸಿದ್ದರು. ಅಪ್ಪಯ್ಯ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬೈರಾಸು ಉಟ್ಟು ಜಗಲಿಯಲ್ಲಿ ತಮ್ಮ ಸರದಿ ಕಾಯುತ್ತಿದ್ದರು. ಗಂಟಿನ ನೋವಿಗೆ ಬಿಸಿನೀರು ಒಳ್ಳೆಯದು ಅಂತ ಅಮ್ಮ ಪೂನಾ ಅತ್ತೆಯನ್ನೂ ಎಣ್ಣೆಸ್ನಾನಕ್ಕೆ ಕರೆದಿದ್ದರು. ಅವರು ಒಳಗೆ ಮೀಯುತ್ತಿದ್ದರು. ವರ್ಷಕ್ಕೊಮ್ಮೆಯ ಸ್ನಾನ, ಹೊರಗೆ ಒಲೆಯ ಬಾಯಲ್ಲಿ ಗೇರಿನ ಸೌದೆಕುಂಟೆಗಳು ಧಗಧಗ ಉರಿಯುತ್ತಿದ್ದವು. ನಾನು ಚೀಲ ಇಳಿಸುವಷ್ಟರಲ್ಲಿ ಒಳಗೆ ನೀರು ಹೊಯ್ಯುವ ಸದ್ದು ನಿಂತಿತು.

"ಹ್ವಾಯ್! ಯಾರಿದ್ರಿ ಹೊರ್ಗೆ? ಒಲಿಗೆ ಸೌದಿ ಹಾಕ್ಬೇಡಿ!"

"ಎಂತಾಯ್ತ್ ಅತ್ತಿಗೆ? ನೀರ್ ಸುಡ್ತಾ?" ಅಂದರು ಅಮ್ಮ.

"ನೀರಲ್ಲ ಮಾರಾಯ್ತಿ, ಕಲ್ಲ್! ನನ್ ಕಲ್ಲ್ ಒಲಿಯೊಳ್ಗ್ ಇತ್ತಲೆ!"

ನಾನು ಇಕ್ಕಳ ಹಿಡಿದು ಕೆಂಡ ಎಳೆಯಲು ಓಡಿದೆ. ಅತ್ತೆ ಒದ್ದೆ ಸೀರೆ ಸುತ್ತಿಕೊಂಡು, ತಲೆಯಿಂದ ಸೀಗೆಪುಡಿ ಇಳಿಯುತ್ತಿದ್ದ ಹಾಗೆಯೇ ಬಾಗಿಲಿಗೆ ಬಂದರು.

"ಮುಟ್ಬೇಡ! ಈಗ ಬೆಂಕಿ ಎಳ್ದ್ರೆ ಇದ್ದದ್ದೂ ಹೋತ್ತ್. ಬಾಯಿ ಮುಚ್ಚ್ ಅದ್ರದ್ದ್. ತನ್ನಷ್ಟ್‌ಗೆ ತಣೀಲಿ."

ಅಂಗಳದ ಮಣ್ಣು ಕಲಸಿ, ಟೈಲ್ಸಿನ ತುಂಡು ಇಟ್ಟು, ಹಬ್ಬದ ದಿನ ನಾನು ನಮ್ಮ ಮನೆಯ ಬಚ್ಚಲೊಲೆಯ ಬಾಯಿ ಕಟ್ಟಿದೆ. ಅಪ್ಪಯ್ಯ ಎಣ್ಣೆ ಇಳಿಯುವ ಮೈಯಲ್ಲಿ ಬಂದು ನಿಂತರು.

"ಹಂಗಾರೆ ನಾನ್ ಮೀಯೂದ್ ಎಲ್ಲ್?"

"ಬಾವಿಕಟ್ಟಿಯಗೆ ಮಿಂದ್ಕಣಿ ಅಣ್ಣಯ್ಯ. ಗಂಗೆ ಅಲ್ಲೂ ಇತ್ತ್," ಅಂದರು ಅತ್ತೆ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅತ್ತೆಯೂ ನಕ್ಕರು. ಆದರೆ ಆ ದಿನ ದೋಸೆ ಬಡಿಸಿದರೆ ಒಂದೂ ಪೂರ್ತಿ ತಿನ್ನಲಿಲ್ಲ. ಒಲೆಯ ಕಡೆಗೇ ನೋಡುತ್ತಿದ್ದರು.

ಒಲೆ ಬಿಚ್ಚಿದ್ದು ಬೂದಿ ಕೈಗೆ ತಣ್ಣಗಾದ ಮೇಲೆ. ಅಷ್ಟು ದಿನ ಅಮ್ಮ ಅಡುಗೆ ಒಲೆಯಲ್ಲಿ ನೀರು ಕಾಯಿಸಿ ನನ್ನನ್ನು ಬೈದರು. ಮಡಕೆ ಸೀಳಿತ್ತು. ಹೊಯಿಗೆ ಸರಿಸಿದರೆ ಕಲ್ಲಿನ ಒಂದು ಬದಿಯಲ್ಲಿ ಸಿಡುಬಿನ ಕಲೆಯ ಹಾಗೆ ಗುಳಿಗಳು, ನಡುವೆ ಒಂದು ಬಿರುಕು. ಅತ್ತೆ ಬಗ್ಗಿ ನೋಡಿದರು. ನಾನು ಉಗುರಿನಲ್ಲಿ ತಟ್ಟಿದೆ. ಗುಳಿ ಬಿದ್ದ ಬದಿ ಪೊಳ್ಳು ಟೈಲಿನ ಹಾಗೆ ಡಬ್ ಅಂದಿತು. ಇನ್ನೊಂದು ಬದಿ ಟಿಣ್ ಅಂದಿತು. ಮತ್ತೊಮ್ಮೆ ತಟ್ಟಿದೆ. ಟಿಣ್.

"ಈ ಬದಿ ಜೀವ ಇತ್ತ್ ಅತ್ತೆ."

ಬಿರುಕಿನ ಮೇಲೆ ಮೆಲ್ಲ ಕುಟ್ಟಿದಾಗ ಸತ್ತ ಬದಿ ತನ್ನಷ್ಟಕ್ಕೆ ಕಳಚಿ ಬಿತ್ತು. ಉಳಿದದ್ದು ಅಂಗೈಗಿಂತ ಸ್ವಲ್ಪ ದೊಡ್ಡದು. ಒಳಗಿನ ಬಣ್ಣ ಆಗಷ್ಟೇ ಬಲೆಯಿಂದ ಬಿಡಿಸಿದ ಬಂಗುಡೆ ಮೀನಿನ ಕಿವಿರಿನ ಕೆಂಪು, ಮೇಲೆ ತುಪ್ಪ ಸವರಿದ ಹೊಳಪು.

ಗೇರುಮರದ ಬುಡದಲ್ಲಿ ಟರ್ಪಾಲು ಹಾಸಿದೆ. ಚರ್ಮ ನನ್ನ ತೊಡೆಯ ಮೇಲೆ. ಅತ್ತೆ ನನ್ನೆದುರು ಕೂತು ಕಲ್ಲಿನ ಅಡಿಯ ತುದಿಗೆ ತಮ್ಮ ಊದಿದ ಅಂಗೈಯನ್ನು ಕೊಟ್ಟರು, ತುದಿ ಅದುರಿ ಚೂರು ನಡುವೆ ಮುರಿಯದಿರಲಿ ಅಂತ. ನಾನು ಅಂಚು ಉಜ್ಜಿದೆ. ನೋಡಿದೆ. ಮತ್ತೆ ಉಜ್ಜಿದೆ.

"ಉಜ್ಜಿ ಉಜ್ಜಿ ಪುಡಿ ಮಾಡ್ಬೇಡ. ಹೊಡಿ ಮಾಣಿ."

"ನಿಮ್ ಕೈಗ್ ತಾಗ್ರೆ?"

"ಅದ್ ಹ್ಯಾಂಗೂ ಕೆಲ್ಸಕ್ ಬಪ್ದಲ್ಲ."

ಹೊಡೆದೆ. ಚಿಟಕೆ ಹೊಡೆದ ಸದ್ದು. ಒಂದು ಕ್ಷಣ ಏನೂ ಆಗಲಿಲ್ಲ ಅನಿಸಿತು. ಅತ್ತೆ ಕೈ ಮಗುಚಿದರು. ಅವರ ಅಂಗೈಯಲ್ಲಿ ಒಂದು ಕೆಂಪು ಚೂರು, ನೆಟ್ಟಗೆ, ಎಲ್ಲೂ ಮುರಿಯದೆ, ನನ್ನ ನಡುಬೆರಳಿಗಿಂತ ತುಸು ಉದ್ದ. ಅವರು ಅದನ್ನು ಬಿಸಿಲಿಗೆ ಹಿಡಿದರು. ಅಂಚಿನಲ್ಲಿ ಬೆಳಕು ದಾಟಿ ಅವರ ಕೆನ್ನೆಯ ಮೇಲೆ ಬಿತ್ತು.

ನನಗೆ ಖುಷಿಯೂ ಆಯಿತು, ಬೇಸರವೂ ಆಯಿತು. "ಗೇಣುದ್ದ ಆಯಿಲ್ಲೆ ಅತ್ತೆ," ಅಂದೆ.

ಅವರು ಮಡಚಲಾಗದ ಬೆರಳುಗಳನ್ನು ಆ ಚೂರಿಯ ಪಕ್ಕ ಇಟ್ಟು ನೋಡಿದರು. ತುಂಬ ಹೊತ್ತು ನೋಡಿದರು.

"ಅವ್ರ್ ಗೇಣ್ ಎಷ್ಟಿತ್ತ್ ಅಂತ ಈಗ ಯಾರ್ ಅಳೆಯೂಕ್ ಬತ್ರ್? ಇಷ್ಟೇ ಇತ್ತ್," ಅಂದರು.

ಅದನ್ನು ಗಾಜಿನ ಕಪಾಟಿನಲ್ಲಿ ಇಡುತ್ತಾರೆ ಅಂದುಕೊಂಡಿದ್ದೆ. ಮರುದಿನವೇ ಅಡುಗೆಮನೆಗೆ ಹೋಯಿತು. ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುವುದು ಅದರಲ್ಲೇ, ಹೀರೆಕಾಯಿ ಹೆರೆಯುವುದು ಅದರಲ್ಲೇ. ಕಬ್ಬಿಣದ ಕತ್ತಿ ಹಿಡಿಯಲು ಬಿಗಿ ಮುಷ್ಟಿ ಬೇಕು, ಇದಕ್ಕೆ ಎರಡು ಬೆರಳು ಸಾಕು. ಬರಬರುತ್ತಾ ಅವರ ಕೈಗೆ ಸ್ವಲ್ಪ ಬಲ ಬಂತು. ಅಂಚು ಮೊಂಡಾದಾಗ ಮರದ ಹಿಡಿಗೆ ಸಿಕ್ಕಿಸಿದ ತಾಮ್ರದ ಮೊಳೆಯಿಂದ ಒತ್ತಿ ಒತ್ತಿ ಹರಿತ ಮಾಡುತ್ತಿದ್ದರು. ಕಲ್ಲಿನ ಚೂರಿಯ ಗುಣವೇ ಅಷ್ಟು, ಪ್ರತಿ ಸಲ ಹರಿತ ಮಾಡಿದಾಗಲೂ ಒಂದಿಷ್ಟು ಸಣ್ಣದಾಗುತ್ತದೆ. ವರ್ಷ ವರ್ಷ ನಾನು ನೋಡುತ್ತಿದ್ದಂತೆ ಅದು ತೋರುಬೆರಳಾಯಿತು, ಕಿರುಬೆರಳಾಯಿತು, ಉಗುರಾಯಿತು. ಒಂದು ದಿನ ತರಕಾರಿ ಸಿಪ್ಪೆಯ ಜೊತೆ ತೆಂಗಿನ ಬುಡದ ಗೊಬ್ಬರಕ್ಕೆ ಹೋಯಿತಂತೆ. ನಾನು ಹುಡುಕಲು ಹೊರಟೆ.

"ಬಿಡಾ," ಅಂದರು. "ಕೆಲ್ಸ ಮಾಡೇ ಹೋಯ್ತಲೆ."

ಅವರೂ ಹಾಗೆಯೇ ಹೋದರು, ಎರಡು ಮಳೆಗಾಲ ಕಳೆದ ಮೇಲೆ, ಅಕ್ಕಿ ನೆನೆಹಾಕಿ ಮಲಗಿದವರು ಏಳಲಿಲ್ಲ. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಗೇರುಮರ ಕಡಿದರು. ಅಲ್ಲಿ ಅವರಿಗೆ ಬಚ್ಚಲುಮನೆ ಮಾಡಿಕೊಟ್ಟದ್ದು ನಾನೇ. ಪಾಯ ತೆಗೆಯುವಾಗ ಮಣ್ಣಿನಲ್ಲಿ ಒಂದಾದರೂ ಚೂರು ಸಿಗಬಹುದು ಅಂತ ಕೈಯಲ್ಲೇ ಕೆದಕಿ ನೋಡಿದೆ. ಏನೂ ಇರಲಿಲ್ಲ. ಟರ್ಪಾಲಿನಿಂದ ಹೊರಗೆ ಬೀಳಲು ಅವರು ಬಿಟ್ಟಿದ್ದರೆ ತಾನೇ...

ಭಾನುವಾರ ಮಧ್ಯಾಹ್ನ ನಾನು ಈಗಲೂ ಟರ್ಪಾಲು ಹಾಸಿ ಕೂರುತ್ತೇನೆ. ಹೆಂಡತಿ ಬೈಯುತ್ತಾಳೆ, ಚೂರು ಅಂಗಳಕ್ಕೆ ಬಿದ್ದಿಲ್ಲ ಅಂತ ನೋಡಿ ಸುಮ್ಮನಾಗುತ್ತಾಳೆ. ಕೈ ಚೆನ್ನಾಗಿದೆ. ತಪ್ಪಿದರೆ ಬೈಯುವವರಿಲ್ಲ, ಸರಿಯಾದರೆ ತೋರಿಸುವುದಕ್ಕೂ ಯಾರಿಲ್ಲ.

ನನಗೀಗ ಒಂದು ಮನೆಯಿದೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಕೆಲಸಕ್ಕೆ ಐದು ಜನ, ಒಂದು ಪಿಕಪ್ ಗಾಡಿ. ನಾನೇ ಮಾಡಿ ಇಟ್ಟುಕೊಂಡ ಚೂರಿಗಳು ಹದಿನೇಳು. ಬಾಟಲಿಯದ್ದು ನಾಲ್ಕು, ಕಮೋಡಿನದ್ದು ಹನ್ನೆರಡು, ಅತ್ತೆ ಕೊನೆಗೆ ಕೊಟ್ಟ ಪೂನಾದ ಜೇನುಬಣ್ಣದ ಕಲ್ಲಿನದ್ದು ಒಂದು. ಕೆಂಪಿನದ್ದು ಇಲ್ಲ.